ಅದಿರು ನೀರಾಗುತ್ತದೆ ಎಂದರೆ ಯಾರೂ ನಂಬಲಿಲ್ಲ

ಅದಿರಿನ ಯಾರ್ಡಿಗೆ ಹೊಸದಾಗಿ ಸೇರಿದ ಹುಡುಗರು ಮೊದಲ ವಾರದಲ್ಲೇ ನನ್ನನ್ನು ಹುಡುಕಿಕೊಂಡು ಬರುತ್ತಿದ್ದರು. ಕೆಲಸ ಕಲಿಯುವುದಕ್ಕಲ್ಲ, "ಕ್ಯಾಪ್ಟನ್ ಸರ್, ಹಡಗು ಮುಳುಗಿದಾಗ ಹೆಂಗ ಅನಿಸ್ತ್ರಿ?" ಎಂದು ಕೇಳುವುದಕ್ಕೆ. ನಾನು ಕ್ಯಾಪ್ಟನ್ ಆಗಿದ್ದವನಲ್ಲ. ಡೆಕ್ಕು ತೊಳೆಯುವ, ಹಗ್ಗ ಎಳೆಯುವ, ತುಕ್ಕು ಕೆರೆಯುವ ಖಲಾಸಿ. ಆದರೆ ನಮ್ಮ ಹೊಸಪೇಟೆಯಲ್ಲಿ ಸಮುದ್ರ ನೋಡಿ ಬಂದವನೇ ದೊಡ್ಡ ಮನುಷ್ಯ. ಅದರಲ್ಲಿ ಮುಳುಗಿ ಎದ್ದು ಬಂದವನು ಕ್ಯಾಪ್ಟನ್ನೇ ಆಗಬೇಕು. "ತಣ್ಣಗ ಅನಿಸ್ತು" ಎಂದು ಹೇಳಿ ಕಳಿಸುತ್ತಿದ್ದೆ. ಅವರಿಗೆ ಸಿಟ್ಟು ಬರುತ್ತಿತ್ತು.

ಈಗ ನಿವೃತ್ತನಾಗಿ ಚಿತ್ತವಾಡ್ಗಿಯ ಮನೆಯಲ್ಲಿದ್ದೇನೆ. ಇದ್ದೇನೆ ಎಂದರೆ ಕೂತಿದ್ದೇನೆ ಎಂದು ತಿಳಿಯಬೇಡಿ. ಬೆಳಿಗ್ಗೆ ಎದ್ದು ಸ್ಟೇಷನ್ ತನಕ ನಡೆಯುತ್ತೇನೆ, ಬಂದು ಚಹಾ ಕುಡಿಯುತ್ತೇನೆ, ಮತ್ತೆ ಹೊರಡುತ್ತೇನೆ. "ಕುಂತಲ್ಲಿ ಕುಂದ್ರಂಗಿಲ್ಲ, ನಿಂತಲ್ಲಿ ನಿಂದ್ರಂಗಿಲ್ಲ, ಕಾಲಿಗೆ ಚಕ್ರ ಕಟ್ಟಿಕೊಂಡಾನ ಈ ಮನುಷ್ಯಾ" ಎಂದು ನನ್ನ ಹೆಂಡತಿ ಸುಂಕಮ್ಮ ಬೈಯುತ್ತಾಳೆ. ಹೀಗಿರುವಾಗ ಮೊನ್ನೆ ಟೀ ಅಂಗಡಿಯಲ್ಲಿ ಒಬ್ಬರು, ಸಂಡೂರಿನ ಅದಿರು ಮತ್ತೆ ಹಡಗು ಹತ್ತುತ್ತದಂತೆ ಎಂದರು. ನಿಜವೋ ಗಾಳಿಮಾತೋ ಗೊತ್ತಿಲ್ಲ. ಕೇಳಿದಾಗಿನಿಂದ ಇನ್ನೂ ಚಡಪಡಿಕೆ. ಈ ಕೆಲಸಕ್ಕೆ ಬರುವ ಹುಡುಗ ಹುಡುಗಿಯರಿಗೆ ನಾಲ್ಕು ಮಾತು ಬರೆದಿಡೋಣ ಎಂದು ಕೂತಿದ್ದೇನೆ. ಬಡ್ತಿ, ಸನ್ಮಾನ, ಶಾಲು ಇವುಗಳನ್ನು ಬಿಟ್ಟುಬಿಡುತ್ತೇನೆ. ಶಾಲನ್ನು ಹೇಗೂ ಸುಂಕಮ್ಮ ಹೊದ್ದುಕೊಳ್ಳುತ್ತಿದ್ದಾಳೆ.

ಸಮುದ್ರ ಕಾಣದ ಊರಿನವನು ಹಡಗಿಗೆ ಹೋದದ್ದು ಹೇಗೆ ಎಂದು ಎಲ್ಲರೂ ಕೇಳುತ್ತಾರೆ. ಅದಿರು ಹೋದ ದಾರಿಯಲ್ಲೇ ನಾನೂ ಹೋದೆ. ಲಾರಿ ಕ್ಲೀನರ್ ಆಗಿ ಸಂಡೂರಿನಿಂದ ಘಟ್ಟ ಇಳಿದು ಬಂದರಿಗೆ ಹೋಗಿ ಬರುತ್ತಿದ್ದೆ. ಅಲ್ಲಿ ಒಬ್ಬ ಏಜೆಂಟ್ ಪರಿಚಯವಾದ. ಮೊದಲು ಚಿಕ್ಕ ಹಡಗು, ಆಮೇಲೆ ದೊಡ್ಡದು. ಕೊನೆಯ ಹಡಗಿನಲ್ಲಿ ನನಗೆ ನಮ್ಮ ಸೀಮೆಯ ಇನ್ನೊಬ್ಬ ಸಿಕ್ಕ: ಕಂಪ್ಲಿ ಹತ್ತಿರದ ಮೆಟ್ರಿಯ ಹುಲುಗಪ್ಪ. ನನಗಿಂತ ಸ್ವಲ್ಪ ದೊಡ್ಡವನು, ಹಡಗಿನ ಅಡುಗೆಮನೆಯಲ್ಲಿ ಅಡುಗೆಯವನ ಕೈಕೆಳಗೆ ಇದ್ದ. ಫಿಲಿಪ್ಪೀನ್ಸಿನವರಿಗೂ ಮುದ್ದೆ ಮಾಡಿ ಬಡಿಸಿದ ಪುಣ್ಯಾತ್ಮ. ಅವರು ಅದನ್ನು ಕಡಿಯಲು ಹೋಗಿ ಪರದಾಡುವಾಗ "ನುಂಗಲೇ, ನುಂಗು" ಎಂದು ಕನ್ನಡದಲ್ಲೇ ಗದರುತ್ತಿದ್ದ.

ಆ ಸಲ ನಮ್ಮ ಹಡಗಿಗೆ ತುಂಬಿದ್ದು ನಮ್ಮದೇ ಮಣ್ಣು. ಸಂಡೂರಿನ ಪುಡಿ ಅದಿರು. ಮಳೆಗಾಲದಲ್ಲಿ ಬಯಲಲ್ಲಿ ರಾಶಿ ಬಿದ್ದಿದ್ದನ್ನು ತುಂಬುತ್ತಿದ್ದರು. ಹಡಗಿನ ಅಧಿಕಾರಿಯೊಬ್ಬ ಒಂದು ತಗಡಿನ ಡಬ್ಬಿಗೆ ಅದಿರು ಹಾಕಿ ಡೆಕ್ಕಿನ ಮೇಲೆ ಡಬಡಬ ಕುಟ್ಟುತ್ತಿದ್ದ. ನಾನೂ ಹುಲುಗಪ್ಪನೂ ಬಿದ್ದು ಬಿದ್ದು ನಕ್ಕೆವು. "ಸಾಹೇಬಂಗ ಹಲಗಿ ಬಾರಿಸೋ ಹುಚ್ಚು ಹಿಡದೈತಿ ನೋಡು" ಎಂದ ಅವನು. ನಮ್ಮನ್ನು ಕಂಡು ಆ ಅಧಿಕಾರಿ, ನೀವು ಇದರ ಊರಿನವರಲ್ಲವೇ, ಇದು ಕೆಸರಾಗುತ್ತದೆಯೇ ಎಂದು ಹಿಂದಿಯಲ್ಲಿ ಕೇಳಿದ. ಹುಲುಗಪ್ಪ ಎದೆ ಉಬ್ಬಿಸಿ, ಇದು ಕಬ್ಬಿಣ ಸಾಹೇಬ್, ಎಷ್ಟು ನೀರು ಬಿದ್ದರೂ ಕುಡಿದುಬಿಡುತ್ತದೆ ಎಂದ. ನಮ್ಮ ಮಾತು ಕೇಳಿ ಅವರು ಹಡಗು ಬಿಟ್ಟರು ಎಂದಲ್ಲ, ಅಡುಗೆಯವನನ್ನು ಕೇಳಿ ಹಡಗು ಬಿಡುವವರು ಯಾರೂ ಇಲ್ಲ. ಆದರೆ ನಾವು ಹಾಗೆಯೇ ನಂಬಿದ್ದೆವು. ಹುಟ್ಟಿದಾಗಿನಿಂದ ಆ ಕೆಂಪು ಧೂಳು ತಿಂದವರು ನಾವು. ತಲೆಗೂದಲಲ್ಲಿ, ಅನ್ನದಲ್ಲಿ, ದೇವರ ಮನೆಯಲ್ಲಿ ಅದನ್ನು ಕಂಡವರು. ಅದರ ಬಗ್ಗೆ ಬೇರೆಯವರು ನಮಗೇನು ಹೇಳಬೇಕು ಎಂಬ ಸೊಕ್ಕು.

ಬಂದರು ಬಿಟ್ಟು ನಡುಗಡಲಿಗೆ ಹೋದ ಮೇಲೆ ಒಂದು ಬೆಳಿಗ್ಗೆ ಹಡಗು ಬಲಕ್ಕೆ ವಾಲಿತು. ಹಡಗು ವಾಲುವುದು ಹೊಸದಲ್ಲ. ವಾಲುತ್ತದೆ, ಮತ್ತೆ ನೆಟ್ಟಗಾಗುತ್ತದೆ. ಇದು ವಾಲಿ ಹಾಗೆಯೇ ನಿಂತಿತು. ಒಳಗಿದ್ದ ಅದಿರು ದಿನವೆಲ್ಲ ಕುಲುಕಿ ಕುಲುಕಿ ಅಂಬಲಿಯಾಗಿ ಒಂದೇ ಕಡೆಗೆ ಸರಿದಿತ್ತು ಎಂಬುದು ನನಗೆ ಗೊತ್ತಾದದ್ದು ಎಷ್ಟೋ ದಿನದ ಮೇಲೆ. ಲೈಫ್ ಜಾಕೆಟ್ ಹಾಕಿಕೊಂಡು ಎಲ್ಲರೂ ಮೇಲೆ ಬನ್ನಿ ಎಂದು ಕೂಗಿದರು. ಹುಲುಗಪ್ಪ ನನ್ನ ಪಕ್ಕದಲ್ಲೇ ನಿಂತಿದ್ದ. ಇದ್ದಕ್ಕಿದ್ದಂತೆ "ಎಣ್ಣಿ ಕಾಯಾಕ ಇಟ್ಟೀನಿ ಮಾರಾಯ, ಬೆಂಕಿ ಬಿದ್ರ ಕಷ್ಟ. ಒಲಿ ಬಂದ್ ಮಾಡಿ ಬರ್ತೀನಿ" ಎಂದು ಕೆಳಗೆ ಓಡಿದ. ಮೆಟ್ಟಿಲ ಬಾಗಿಲಲ್ಲಿ ಅವನ ಬೆನ್ನು ಕಂಡಿತು. ಆಮೇಲೆ ಹಡಗು ಒಮ್ಮೆಲೇ ಮಗುಚಿತು. ನಾನು ನೀರಿನಲ್ಲಿದ್ದೆ. ಹಡಗಿನ ಕೆಂಪು ತಳ ಸ್ವಲ್ಪ ಹೊತ್ತು ಮೇಲೆ ಕಂಡು, ಅದೂ ಹೋಯಿತು.

ನಮ್ಮಲ್ಲಿ ಕೆಲವರನ್ನು ಒಂದು ಪರದೇಶದ ಹಡಗು ಎತ್ತಿಕೊಂಡಿತು. ಅದು ತನ್ನ ದಾರಿಯಲ್ಲಿ ಮುಂದೆ ಹೋಗಿ ನಮ್ಮನ್ನು ದೂರದ ಬಂದರಿನಲ್ಲಿ ಇಳಿಸಿತು. ಅಲ್ಲಿ ಜ್ವರ ಬಂದು, ಕಾಗದ ಬರೆಯುವ ಎಚ್ಚರವೂ ಇಲ್ಲದೆ ತಿಂಗಳುಗಟ್ಟಲೆ ಆಸ್ಪತ್ರೆಯಲ್ಲಿ ಬಿದ್ದಿದ್ದೆ. ಎಲ್ಲರ ಕೈಯಲ್ಲೂ ಫೋನ್ ಇರದ ಕಾಲ. ನಮ್ಮ ಮನೆಯಲ್ಲಿ ಫೋನ್ ಇರಲಿಲ್ಲ, ಪಕ್ಕದ ಕಿರಾಣಿ ಅಂಗಡಿಯ ನಂಬರು ನನ್ನ ಪೆಟ್ಟಿಗೆಯ ಜೊತೆ ಮುಳುಗಿತ್ತು. ಊರಿಗೆ ಸುದ್ದಿ ಮುಟ್ಟಿಸಬೇಕಾದ ಏಜೆಂಟ್ ಬಾಗಿಲು ಹಾಕಿಕೊಂಡು ಓಡಿಹೋಗಿದ್ದ. ಹಡಗು ಮುಳುಗಿತು ಎಂಬ ಸುದ್ದಿಯಷ್ಟೇ ಚಿತ್ತವಾಡ್ಗಿಗೆ ಬಂದಿತ್ತು. ಹಿರಿಯರು ಕಾದರು, ಕಾದರು. ಕಡೆಗೆ, ಕರ್ಮ ಮಾಡದಿದ್ದರೆ ಜೀವ ಅಲೆಯುತ್ತದೆ ಎಂದು ಹಿಟ್ಟಿನಲ್ಲಿ ನನ್ನಂಥದೊಂದು ಗೊಂಬೆ ಮಾಡಿ, ಅದಕ್ಕೆ ಸಂಸ್ಕಾರ ಮಾಡಿ, ಎಡೆ ಇಟ್ಟರು. ಸುಂಕಮ್ಮನ ಬಳೆ ಒಡೆದರು.

ಅದಾದ ಮೇಲೆ ನಾನು ಬಂದು ಬಾಗಿಲಲ್ಲಿ ನಿಂತೆ. ಸುಂಕಮ್ಮ ನನ್ನನ್ನು ನೋಡಿ ಕೈಯಲ್ಲಿದ್ದ ಚೆಂಬು ಬೀಳಿಸಿ, ಆಮೇಲೆ ಅದೇ ಚೆಂಬು ಎತ್ತಿ ನನ್ನ ಮೇಲೆ ಎಸೆದಳು. ಅಷ್ಟು ಸಂತೋಷ. ಆದರೆ ಹಿರಿಯರು ಒಳಗೆ ಬಿಡಲಿಲ್ಲ. ಕರ್ಮ ಮಾಡಿಸಿಕೊಂಡವನು ಹಾಗೇ ಹೊಸ್ತಿಲು ದಾಟಬಾರದಂತೆ, ಮತ್ತೆ ಹುಟ್ಟಬೇಕಂತೆ. ಹೊಳೆಯ ನೀರು ತಂದು ತಲೆಯ ಮೇಲೆ ಸುರಿದರು. ತೊಟ್ಟಿಲಲ್ಲಿ ನಾನು ಹಿಡಿಸಲಿಲ್ಲವೆಂದು ಅದರ ಪಕ್ಕ ಕೂರಿಸಿ ಹಗ್ಗ ಕೈಗೆ ಕೊಟ್ಟರು. ನನ್ನ ಸೋದರತ್ತೆ ಕಿವಿಯಲ್ಲಿ "ಕುರ್ರ್" ಎಂದು ಹೊಸ ಹೆಸರು ಊದಿದಳು. ಮಾರೆಪ್ಪ. ಮೀಸೆಯ ಕೂಸಿಗೆ ಓಣಿಯ ಹೆಂಗಸರೆಲ್ಲ ಜೋಗುಳ ಹಾಡಿ ನಕ್ಕರು. ಆ ಹೆಸರಿನಿಂದ ನನ್ನನ್ನು ಒಬ್ಬರೂ ಕರೆಯಲಿಲ್ಲ, ಪಂಪಾಪತಿ ಪಂಪಾಪತಿಯಾಗಿಯೇ ಉಳಿದ.

ಮರುದಿನ ಮೆಟ್ರಿಯಿಂದ ಹುಲುಗಪ್ಪನ ಹೆಂಡತಿ ದುರುಗಮ್ಮ ಬಂದಳು, ಸೊಂಟದಲ್ಲಿ ಸಣ್ಣ ಮಗಳು ಕಾವೇರಿ. ಸುಂಕಮ್ಮ ಬಳೆಗಾರನನ್ನು ಕೂರಿಸಿಕೊಂಡು ಎರಡೂ ಕೈಗೆ ಹಸಿರು ಬಳೆ ಏರಿಸಿಕೊಳ್ಳುತ್ತಿದ್ದಳು. ದುರುಗಮ್ಮ ಅದನ್ನು ನೋಡುತ್ತ ಕೂತಳು. ನಾನು ಕಂಡದ್ದನ್ನು ಕಂಡ ಹಾಗೆ ಹೇಳಿದೆ. ಏನನ್ನೂ ಮುಚ್ಚಿಡಲಿಲ್ಲ.

"ಒಲಿ ಆರಸಾಕ ಹ್ವಾದ್ನಾ?" ಎಂದಳು ಆಕೆ. "ನನ್ನ ಗಂಡ? ಮನ್ಯಾಗ ಹಾಲು ಉಕ್ಕಿ ಒಲಿ ತುಂಬಾ ಹರದ್ರೂ ಎದ್ದು ನೋಡಿದಾವಲ್ಲ."

"ಹಡಗಿನ್ಯಾಗ ಅದು ಅವನ ಕೆಲಸ ಅಕ್ಕ."

"ಮುಳುಗಿದ್ದು ನೋಡಿದ್ಯಾ?"

"ಹಡಗು ಮುಳುಗಿದ್ದು ನೋಡಿದೆ."

"ಅವ ಮುಳುಗಿದ್ದು?"

"ಅವ ಒಳಗಿದ್ದ ಅಕ್ಕ."

"ಅಂದ್ರ ನೋಡಿಲ್ಲ" ಎಂದಳು. ಸುಂಕಮ್ಮನ ಕೈ ತೋರಿಸಿದಳು. "ನೋಡು, ಈಕಿ ಬಳಿ ಒಡಕೊಂಡ್ಲು, ನಿನಗ ಎಡಿ ಇಟ್ಲು. ನೀ ಬಂದಿ. ನಾ ಅಂಥಾ ಹುಚ್ಚುತನ ಮಾಡಂಗಿಲ್ಲಪ್ಪ."

ನಾನು ಬದುಕಿ ಬಂದದ್ದೇ ಆಕೆಗೆ ಸಾಕ್ಷಿಯಾಯಿತು. ಮೆಟ್ರಿಯಲ್ಲಿ ಮಹಾಲಯ ಅಮಾವಾಸ್ಯೆಗೆ ಹಿರಿಯರ ಪೂಜೆ ಮಾಡಿದಾಗ ಆಕೆ ಅತ್ತೆ ಮಾವನಿಗೆ ಎಡೆ ಇಡುತ್ತಿದ್ದಳು, ಗಂಡನಿಗೆ ಇಡುತ್ತಿರಲಿಲ್ಲ. ಊರವರು ಆಡಿಕೊಂಡರು. ಮುತ್ತೈದೆಯೋ ಅಲ್ಲವೋ ಎಂದು ಗೊತ್ತಾಗದೆ ಅರಿಸಿನ ಕುಂಕುಮದ ತಟ್ಟೆ ಆಕೆಯ ಮುಂದೆ ಬಂದಾಗ ಹೆಂಗಸರು ಕ್ಷಣ ಹೊತ್ತು ನಿಂತು ಮುಂದೆ ಹೋಗುತ್ತಿದ್ದರು. ಹುಲುಗಪ್ಪನ ಅಣ್ಣ ತಮ್ಮಂದಿರು ಬಂದು ನನಗೆ, "ಏ ಪಂಪಣ್ಣ, ನೀ ಹೇಳಿದ್ರ ಕೇಳ್ತಾಳ, ಒಂದ್ಸಲ ಗಟ್ಟಿಸಿ ಹೇಳು" ಎನ್ನುವರು. ಹೋಗಿ ಹೇಳಿದರೆ ನನ್ನನ್ನು ಕಂಡು ಆಕೆಯ ಆಸೆ ಇನ್ನೂ ಚಿಗುರುತ್ತಿತ್ತು. ಹೋಗದಿದ್ದರೆ ಅವನ ಮನೆಯನ್ನು ಮರೆತೆನಲ್ಲ ಎಂದು ನನಗೆ ಊಟ ಸೇರುತ್ತಿರಲಿಲ್ಲ.

ಹೊಟ್ಟೆಪಾಡು ನೋಡಬೇಕಿತ್ತಲ್ಲ. ಹಂಪಿಯಲ್ಲಿ ಸುಂಕಮ್ಮನ ತಮ್ಮ ಪ್ರವಾಸಿಗರಿಗೆ ತೆಪ್ಪ ಓಡಿಸುತ್ತಿದ್ದ. "ಸಮುದ್ರ ಈಜಿದ ಭಾವಗ ಹೊಳಿ ಯಾವ ಲೆಕ್ಕ" ಎಂದು ಕರೆದುಕೊಂಡು ಹೋದ. ತೆಪ್ಪ ದುಂಡಗಿರುತ್ತದೆ, ನಡುನೀರಿನಲ್ಲಿ ಬುಗುರಿಯಂತೆ ತಿರುಗುತ್ತದೆ. ಪ್ರವಾಸಿಗರು ಕೇಕೆ ಹಾಕಿ ನಗುತ್ತಾರೆ, ಅದಕ್ಕೇ ಅವರು ಬರುವುದು. ಅದು ಒಂದು ಸುತ್ತು ತಿರುಗಿ ಸ್ವಲ್ಪ ವಾಲಿತು ನೋಡಿ, ನಾನು ತಳದಲ್ಲಿ ಕವುಚಿ ಬಿದ್ದು ಕಿರುಚಿದೆ. ಒಬ್ಬಳು ಬಿಳಿಯ ಹೆಂಗಸು ದಡ ಮುಟ್ಟುವ ತನಕ ನನ್ನ ಕೈ ಹಿಡಿದುಕೊಂಡಿದ್ದಳು. ಭಾವಮೈದ ಮತ್ತೆ ಕರೆಯಲಿಲ್ಲ.

ಹೀಗಾಗಿ ನೀರಿಲ್ಲದ ಕೆಲಸ ಹುಡುಕಿದೆ. ಸಿಕ್ಕಿದ್ದು ಹೊಸಪೇಟೆ ಹತ್ತಿರದ ಒಂದು ಅದಿರಿನ ಯಾರ್ಡು. ಸಂಡೂರಿನಿಂದ ಲಾರಿಯಲ್ಲಿ ಬಂದದ್ದನ್ನು ರಾಶಿ ಹಾಕಿ ರೈಲಿಗೆ ತುಂಬುವ ಜಾಗ. ನಾನು ಸ್ಯಾಂಪಲ್ ತೆಗೆಯುವವನು. ಪ್ರತಿ ರಾಶಿಯಿಂದ ಒಂದಿಷ್ಟು ಅದಿರು ತೆಗೆದು ಲ್ಯಾಬಿಗೆ ಕೊಡಬೇಕು. ನೀರಿಲ್ಲದ ಕೆಲಸ ಎಂದು ಹೋದೆನಲ್ಲ, ಆ ಕೆಲಸ ಪೂರಾ ನೀರಿನದೇ. ಅದಿರಿನಲ್ಲಿ ಎಷ್ಟು ನೀರಿದೆ ಎಂದು ನೋಡುವುದೇ ನಮ್ಮ ಅರ್ಧ ಕಸುಬು. ಆಗ ಆ ಅದಿರು ರೈಲು ಇಳಿದು ಹಡಗು ಹತ್ತುತ್ತಿತ್ತು. ನನಗೆ ಅದನ್ನು ಬಿಟ್ಟು ಹೋಗಲೂ ಆಗಲಿಲ್ಲ, ಅಲ್ಲಿ ನೆಮ್ಮದಿಯಿಂದ ಇರಲೂ ಆಗಲಿಲ್ಲ.

ನಮ್ಮ ಮೇಸ್ತ್ರಿ ರಾಮುಲು. ಮಾತಿನಲ್ಲಿ ಅರ್ಧ ತೆಲುಗು, ಅರ್ಧ ಬೈಗುಳ. ಅವನಿಗೆ ಒಂದೇ ಮಂತ್ರ, "ಜಲ್ದಿ". ಹೊಸಬರಿಗೆ ಅವನು ಕಲಿಸುತ್ತಿದ್ದ ವಿದ್ಯೆ ಎಂದರೆ ರಾಶಿಯ ಮೇಲಿನ ಒಣ ಪುಡಿಯನ್ನು ಬಾಚಿ ಚೀಲಕ್ಕೆ ಹಾಕುವುದು. "ಪೈನ ನೋಡು ರಾ, ಲೋಪಲ ದೇವರಿಗೆ ಬಿಡು" ಎನ್ನುತ್ತಿದ್ದ. ಮೇಲಿನದು ನೋಡು, ಒಳಗಿನದು ದೇವರಿಗೆ ಬಿಡು ಅಂತ. ನಾನು ಮೊಳಕೈ ಮುಳುಗುವಷ್ಟು ಬಗೆದು ತೆಗೆಯುತ್ತಿದ್ದೆ. ಅವನು ತಲೆ ಚಚ್ಚಿಕೊಳ್ಳುತ್ತಿದ್ದ. ಆದರೂ ಕೆಟ್ಟವನಲ್ಲ. ಒಂದು ಸಲ ನಾನು ಗುಡುಗು ಕೇಳಿ ಕನ್ವೇಯರ್ ಕೆಳಗೆ ಹೋಗಿ ಕೂತಿದ್ದಾಗ ಯಾರಿಗೂ ಹೇಳದೆ ಪಕ್ಕದಲ್ಲಿ ಬಂದು ಕೂತು ಬೀಡಿ ಸೇದಿದ.

ಈಗ ನನ್ನ ಮರ್ಯಾದೆ ಹೋದ ಕಥೆ. ಒಂದು ಮುಂಗಾರಿನಲ್ಲಿ ಲಾರಿಗಳು ಸಾಲಾಗಿ ಬರುತ್ತಿದ್ದವು. ಮೊದಲ ಲಾರಿಯ ಅದಿರನ್ನು ಮುಷ್ಟಿಯಲ್ಲಿ ಹಿಡಿದು ಹಿಸುಕಿದೆ. ಉಂಡೆ ಕಟ್ಟಿತು. ಮೂಗಿಗೆ ಆ ವಾಸನೆ ಬಂತು, ಹಡಗಿನ ಹೊಟ್ಟೆಯ ವಾಸನೆ. ಅಷ್ಟೇ, ನಾನು ದಾರಿಗೆ ಅಡ್ಡ ನಿಂತುಬಿಟ್ಟೆ. ಒಂದು ಲಾರಿಯನ್ನೂ ಬಿಡುವುದಿಲ್ಲ ಎಂದೆ. ಬೈಪಾಸಿನ ತನಕ ಸಾಲು ನಿಂತಿತು. ಡ್ರೈವರುಗಳು ನನ್ನ ಏಳು ತಲೆಮಾರನ್ನು ನೆನೆದರು. ತುಂಬುವ ಕೂಲಿಯವರು ದಿನವೆಲ್ಲ ತಾಡಪತ್ರಿ ಕೆಳಗೆ ಕೆಲಸವಿಲ್ಲದೆ ಕೂತರು. ಆ ವರ್ಷವಷ್ಟೇ ಲ್ಯಾಬಿಗೆ ಬಂದಿದ್ದ ಶಶಿಕಲಾ ಮೇಡಂ ಕೊಡೆ ಹಿಡಿದು ಬಂದು ತಾವೇ ಸ್ಯಾಂಪಲ್ ತೆಗೆದರು. ತೂಗಿ, ಒಲೆಯಲ್ಲಿ ಒಣಗಿಸಿ, ಮತ್ತೆ ತೂಗಿದರು. ಇರಬಹುದಾದದ್ದಕ್ಕಿಂತ ಕಡಿಮೆ ನೀರಿತ್ತು. ಆ ಗುಡ್ಡದ ಅದಿರಿನಲ್ಲಿ ಜೇಡಿ ಹೆಚ್ಚು, ಸ್ವಲ್ಪ ತೇವಕ್ಕೇ ಉಂಡೆ ಕಟ್ಟುತ್ತದೆ ಎಂದರು. ಹಾಲು ಕುಡಿದು ನಾಲಿಗೆ ಸುಟ್ಟುಕೊಂಡವನು ಮಜ್ಜಿಗೆಯನ್ನೂ ಊದಿ ಕುಡಿದ ಹಾಗಾಯಿತು ನನ್ನ ಗತಿ.

ರಾಮುಲು ನನ್ನನ್ನು ಅಂದೇ ಓಡಿಸುತ್ತಿದ್ದ. ಮೇಡಂ ತಡೆದರು. ಲ್ಯಾಬಿನೊಳಗೆ ಕೂರಿಸಿ, "ಪಂಪಾಪತಿಯವರೇ, ನಿಮ್ಮ ಹೆದರಿಕಿ ನಿಜ. ಆದ್ರ ಹೆದರಿಕಿ ತಕ್ಕಡಿ ಅಲ್ರಿ" ಎಂದರು.

"ಮತ್ತೇನ್ ಮಾಡ್ಲಿ ಮೇಡಂ? ಅದು ಯಾವಾಗ ನೀರಾಗ್ತೈತಿ ಅಂತ ನನಗ ಹೆಂಗ ಗೊತ್ತಾಗಬೇಕು?"

ಅವರು ಒಂದು ಹಾಲಿನ ಪುಡಿಯ ಡಬ್ಬಿ ತೆಗೆದರು. ಅರ್ಧಕ್ಕಿಂತ ಹೆಚ್ಚು ಒದ್ದೆ ಅದಿರು ತುಂಬಿ ಬಂಡೆಯ ಮೇಲೆ ಕುಟ್ಟತೊಡಗಿದರು. ಹಡಗಿನ ಅಧಿಕಾರಿ ಬಾರಿಸಿದ್ದು ಇದನ್ನೇ. ನೋಡನೋಡುತ್ತಲೇ ಗಟ್ಟಿಯಾಗಿದ್ದ ಮೈ ಹೊಳೆಯಿತು, ಆಮೇಲೆ ನಡುಗಿತು, ಆಮೇಲೆ ತುಳುಕಿತು. ಅದಿರಿನ ಕಣಗಳ ನಡುವೆ ಅಡಗಿದ್ದ ನೀರು ಕುಲುಕಾಟಕ್ಕೆ ಎದ್ದು ಬರುತ್ತದೆ ಎಂದರು ಮೇಡಂ. ನನ್ನ ಬದುಕಿನಲ್ಲಿ ಏನಾಯಿತು ಎಂದು ನನಗೆ ಅರ್ಥವಾದದ್ದು ಆ ದಿನ.

ಹೊಸಬರಿಗೆ ಹೇಳುವುದು ಇಷ್ಟು. ನಿಮ್ಮ ಮುಷ್ಟಿ ನಂಬಬೇಡಿ, ಮೂಗು ನಂಬಬೇಡಿ, ನಾನು ಈ ಊರವನು ಎಂಬ ಮಾತನ್ನಂತೂ ನಂಬಲೇಬೇಡಿ. ರಾಶಿಯ ಎಲ್ಲ ಮಗ್ಗುಲಿನಿಂದ ಆಳಕ್ಕೆ ಬಗೆದು ತೆಗೆಯಿರಿ. ಚೆನ್ನಾಗಿ ಕಲಸಿ, ದುಂಡಗೆ ಹರಡಿ, ನಾಲ್ಕು ಪಾಲು ಮಾಡಿ, ಎದುರುಬದುರಿನ ಎರಡನ್ನು ಇಟ್ಟುಕೊಳ್ಳಿ. ಒಳ್ಳೆಯದನ್ನು ಆರಿಸಬೇಡಿ, ಕೆಟ್ಟದ್ದನ್ನೂ ಆರಿಸಬೇಡಿ. ಈಗ ಯಂತ್ರ ಬಂದಿದೆ, ಬೆಲ್ಟಿನ ಮೇಲೇ ಸ್ಯಾಂಪಲ್ ಕತ್ತರಿಸುತ್ತದೆ, ಪರದೆಯ ಮೇಲೆ ಸಂಖ್ಯೆ ಬರುತ್ತದೆ. ಒಳ್ಳೆಯದೇ. ನಡುವೆ ಗಣಿಗಳು ನಿಂತು ಯಾರ್ಡಿನಲ್ಲಿ ಜಾಲಿ ಬೆಳೆದ ವರ್ಷಗಳೂ ಬಂದವು. ಆಮೇಲೆ ಅದಿರು ಇಲ್ಲಿನ ಕಾರ್ಖಾನೆಗೇ ಹೋಗತೊಡಗಿ, ನೀರು ಎಂದರೆ ತೂಕದಲ್ಲಿ ಕಳೆಯುವ ಬಾಬತ್ತು ಎಂದಷ್ಟೇ ಹೊಸ ಹುಡುಗರು ತಿಳಿದರು. ಅದರ ಮೇಲೆ ಮನುಷ್ಯರು ನಿಂತಿರುತ್ತಾರೆ ಎಂದು ಹೇಳಿದರೆ, "ಕ್ಯಾಪ್ಟನ್ ಸರ್ ಶುರು ಮಾಡಿದ್ರು" ಎಂದು ನಗುತ್ತಿದ್ದರು. ಮೇಡಂ ವರ್ಗವಾಗಿ ಹೋದರು. ರಾಮುಲು ತೀರಿಕೊಂಡ.

ಇಷ್ಟೂ ವರ್ಷ ಮೆಟ್ರಿಗೆ ಹೋಗಿ ಬರುತ್ತಲೇ ಇದ್ದೆ. ಕಂಪ್ಲಿ ಬಸ್ಸು ಹತ್ತುವಾಗ ಹೇಳಬೇಕಾದದ್ದನ್ನು ಜೋಡಿಸಿಕೊಳ್ಳುತ್ತಿದ್ದೆ, ಇಳಿಯುವಷ್ಟರಲ್ಲಿ ಎಲ್ಲ ಚೆದುರುತ್ತಿತ್ತು. ದುರುಗಮ್ಮ ಭತ್ತದ ಗದ್ದೆಗೆ ನಾಟಿ ಕೆಲಸಕ್ಕೆ ಹೋಗಿ ಮಗಳನ್ನು ಓದಿಸಿದಳು. ನನ್ನನ್ನು ಕಂಡಾಗ ನೀರು ಕೊಡುವ ಮೊದಲೇ "ಏನರ ಸುದ್ದಿ?" ಎನ್ನುವಳು. ಇಲ್ಲ ಅಕ್ಕ ಎನ್ನುವೆ. ಅದಿರು ನೀರಾಗಿ ಹಡಗು ಮಗುಚಿತು ಎಂದು ಎಷ್ಟು ಸಲ ಹೇಳಿದೆನೋ! ಆಕೆಗೆ ಸಿಟ್ಟು ಬರುತ್ತಿತ್ತು. "ನಮ್ಮವ್ವ ಸಂಡೂರು ಗುಡ್ಡದಾಗ ಅದಿರು ಹೊತ್ತು ನನ್ನ ಸಾಕ್ಯಾಳ. ಬುಟ್ಟಿ ಮ್ಯಾಗ ಮಳಿ ಸುರುದ್ರೂ ಅದು ಕಲ್ಲಾಗ್ತೈತಿ ಹೊರತು ನೀರಾಗಂಗಿಲ್ಲ. ಹಡಗು ಎಲ್ಲೋ ನಿಂತೈತಿ. ನಿಮಗ ಗೊತ್ತಿಲ್ಲ, ಹಿಂಗಾಗಿ ಕಥಿ ಕಟ್ಟೀರಿ" ಎಂದು ನನ್ನ ಬಾಯಿ ಮುಚ್ಚಿಸುತ್ತಿದ್ದಳು. ಅವಳನ್ನು ಏನೆಂದು ಬೈಯಲಿ? ಹುಲುಗಪ್ಪ ಹೇಳಿದ್ದೂ ಅದನ್ನೇ, ನಾನು ನಂಬಿದ್ದೂ ಅದನ್ನೇ. ಡಬ್ಬಿ ತೆಗೆದುಕೊಂಡು ಹೋಗಿ ತೋರಿಸಬೇಕೆಂದು ಎಷ್ಟೋ ಸಲ ಅನಿಸಿತ್ತು. ಧೈರ್ಯವಾಗಲಿಲ್ಲ. ತೋರಿಸಿದರೆ ಅವನನ್ನು ನಾನೇ ಎರಡನೆಯ ಸಲ ಮುಳುಗಿಸಿದ ಹಾಗೆ ಅನಿಸುತ್ತಿತ್ತು.

ನಿವೃತ್ತನಾದ ವರ್ಷ ಕಾವೇರಿಯ ಮದುವೆ ಗೊತ್ತಾಯಿತು. ಆಕೆ ಕಂಪ್ಲಿಯ ಆಸ್ಪತ್ರೆಯಲ್ಲಿ ನರ್ಸ್. ಫೋನು ಮಾಡಿದಳು. "ಮಾವ, ಮದುವಿಗಿಂತ ಮುಂಚೆ ಹಿರಿಯರ ಪೂಜಿ ಮಾಡ್ಬೇಕಂತ ದೊಡ್ಡಪ್ಪಾರು ಹಟ ಹಿಡದಾರ. ಅಪ್ಪಗ ಎಡಿ ಇಡಲಾರ್ದ ಅಕ್ಕಿಕಾಳು ಹಾಕಾಕ ಬರಂಗಿಲ್ಲ ಅಂತಾರ. ಅವ್ವ ಇಡಂಗಿಲ್ಲ ಅಂತಾಳ. ಹಿಂಗ ಜಗಳಾಡಿದ್ರ ಮದುವಿ ನಿಲ್ತೈತಿ. ಅದೂ ಇರಲಿ ಮಾವ. ಅವ್ವ ಬಸ್ ಬಂದಾಗೆಲ್ಲ ಎದ್ದು ಹೊರಗ ಹೋಗ್ತಾಳ. ನಾ ಗಂಡನ ಮನಿಗೆ ಹ್ವಾದ ಮ್ಯಾಲೆ ಈಕಿನ್ನ ಯಾರು ಒಳಗ ಕರೀಬೇಕು?"

ನಾನು ಮನೆಯೊಳಗೆ ಸುತ್ತತೊಡಗಿದೆ. ಸುಂಕಮ್ಮ ಸ್ವಲ್ಪ ಹೊತ್ತು ನೋಡಿ, "ನನ್ನ ಬಳಿ ಒಡದಾಗ ನೀ ಬದುಕಿದ್ದಿ. ಅದು ಸುಳ್ಳು ಸಾವು. ಆಕಿ ನಿಜ ಸಾವನ್ನ ಸುಳ್ಳು ಅಂತ ಕುಂತಾಳ. ಎರಡಕ್ಕೂ ನೀನೇ ಕಾರಣ, ಹೋಗಿ ಬಗಿಹರಿಸಿ ಬಾ" ಎಂದಳು. ಹೆಂಡತಿಯ ನ್ಯಾಯ ಯಾವಾಗಲೂ ಹೀಗೆಯೇ, ಆದರೆ ತಪ್ಪು ಹುಡುಕಲಾಗುವುದಿಲ್ಲ.

ಯಾರ್ಡಿನ ಬೇಲಿಯ ಹೊರಗೆ ಚೆಲ್ಲಿದ್ದ ಪುಡಿ ಅದಿರನ್ನು ಚೀಲಕ್ಕೆ ತುಂಬಿಕೊಂಡು, ಒಂದು ಡಬ್ಬಿ ಹಿಡಿದು, ಮಹಾಲಯ ಅಮಾವಾಸ್ಯೆಯ ಹಿಂದಿನ ದಿನ ಮೆಟ್ರಿಗೆ ಹೋದೆ. ದುರುಗಮ್ಮ ಅಂಗಳದಲ್ಲಿ ಕೂತು ಅಡಕೊತ್ತಿನಿಂದ ಅಡಿಕೆ ಕತ್ತರಿಸುತ್ತಿದ್ದಳು. ಕೂದಲು ಬೆಳ್ಳಗಾಗಿತ್ತು, ಕೈತುಂಬ ಹಸಿರು ಬಳೆ. ಕಾವೇರಿ ಬಾಗಿಲಿಗೆ ಒರಗಿ ನಿಂತಳು.

"ಏನರ ಸುದ್ದಿ?"

"ಸುದ್ದಿ ಇಲ್ಲ ಅಕ್ಕ. ಒಂದು ವಸ್ತು ತಂದೀನಿ, ನೋಡು."

ನೀರು ಬೆರೆಸಿ ಕಲಸಿದ ಅದಿರನ್ನು ಡಬ್ಬಿಗೆ ತುಂಬಿ ಬೆರಳಿನಿಂದ ಒತ್ತಿದೆ. ಗಟ್ಟಿಯಾಗಿ ನಿಂತಿತು. "ನೀನೂ ಒತ್ತು" ಎಂದೆ. ಒತ್ತಿದಳು. "ಕಲ್ಲು ಇದ್ದಂಗೈತಿ. ನಾ ಹೇಳಿಲ್ಲೇನು?" ಎಂದಳು.

"ನಿನ್ನ ಅಡಕೊತ್ತು ಅದರ ಮ್ಯಾಗ ಇಡು."

ಇಟ್ಟಳು. ಕಬ್ಬಿಣದ ಅಡಕೊತ್ತು ಅದಿರಿನ ಮೇಲೆ ನೆಲದ ಮೇಲೆ ಮಲಗಿದ ಹಾಗೆ ಮಲಗಿತು. ನಾನು ಡಬ್ಬಿಯನ್ನು ಒರಳುಕಲ್ಲಿನ ಮೇಲೆ ಮೆಲ್ಲಗೆ ಕುಟ್ಟತೊಡಗಿದೆ. ಮೊದಲು ಏನೂ ಆಗಲಿಲ್ಲ. ಆಕೆ ನಗುವಂತೆ ತುಟಿ ತೆರೆದಳು. ಆಮೇಲೆ ಅದಿರಿನ ಮೈ ಹೊಳೆಯಿತು. ಅಡಕೊತ್ತಿನ ಒಂದು ತುದಿ ಕೆಳಗಾಯಿತು. ವಾಲಿಕೊಂಡು ಹಾಗೆಯೇ ನಿಂತಿತು. ನಾನು ಕುಟ್ಟುವುದನ್ನು ನಿಲ್ಲಿಸಿದೆ. ನನ್ನಿಂದ ಆಗಲಿಲ್ಲ.

ದುರುಗಮ್ಮ ಡಬ್ಬಿಯನ್ನು ನನ್ನ ಕೈಯಿಂದ ತೆಗೆದುಕೊಂಡಳು. ತಾನೇ ಕುಟ್ಟಿದಳು. ಬಳೆಗಳು ಜೋರಾಗಿ ಸದ್ದು ಮಾಡಿದವು. ಕೆಂಪು ಕೆಸರು ತುಳುಕಿತು. ಅಡಕೊತ್ತು ಒಳಗೆ ಜಾರಿ ಕಾಣದಾಯಿತು.

ಆಕೆ ಡಬ್ಬಿಯೊಳಗೆ ಇಣುಕಿ ನೋಡಿದಳು. ಅಳುತ್ತಾಳೆ ಎಂದುಕೊಂಡೆ. ಆಕೆ ಅಳಲಿಲ್ಲ, ನನಗೇ ಕಣ್ಣು ತುಂಬಿ ಬಂತು.

"ಇಷ್ಟು ಜಲ್ದಿ ಏನು?" ಎಂದಳು.

"ವಾಲಿ ನಿಂತಿದ್ದು ಭಾಳ ಹೊತ್ತು ಅಕ್ಕ. ಕಡೀಕ ಹ್ವಾದದ್ದು ಇಷ್ಟೇ ಜಲ್ದಿ."

"ಹಂಗಾರ ಅವಗ ಗೊತ್ತಾಗಿರಂಗಿಲ್ಲ."

"ಗೊತ್ತಾಗಿರಂಗಿಲ್ಲ."

"ಒಲಿ ಆರಿಸಿದ್ನೋ ಇಲ್ಲೋ" ಎಂದು ತನ್ನಷ್ಟಕ್ಕೆ ಹೇಳಿಕೊಂಡು ಎದ್ದು, ಕೊಡದಿಂದ ನೀರು ತಂದು, ಒರಳುಕಲ್ಲು ತೊಳೆದಳು.

ಮರುದಿನ ಹಿರಿಯರ ಪೂಜೆ. ಅತ್ತೆ ಮಾವನ ಎಲೆಯ ಪಕ್ಕದಲ್ಲಿ ದುರುಗಮ್ಮ ಇನ್ನೊಂದು ಎಲೆ ಹಾಸಿದಳು. ಹೋಳಿಗೆ, ಅನ್ನ, ಹುಳಿ, ಹಪ್ಪಳ ಬಡಿಸಿ, ಒಂದು ಮುದ್ದೆಯನ್ನೂ ಇಟ್ಟಳು. ಧೂಪದ ಹೊಗೆ ಎದ್ದಿತು. ಹುಲುಗಪ್ಪನ ಅಣ್ಣನ ಹೆಂಡತಿ ತಡೆಯಲಾರದೆ, "ಎಡಿ ಇಟ್ಟ ಮ್ಯಾಲ ಬಳಿ..." ಎಂದು ಶುರು ಮಾಡಿದಳು.

"ಎಡಿ ಅವಂದು" ಎಂದಳು ದುರುಗಮ್ಮ. "ಬಳಿ ನನ್ನವು. ನಾನು ನಾಟಿ ಮಾಡಿದ ಕೈಗೆ ನಾನು ಹಾಕ್ಕೊಂಡೀನಿ. ನಾಳಿ ಮದುವ್ಯಾಗ ಮಗಳಿಗೆ ಅಕ್ಕಿಕಾಳು ಹಾಕೋದೂ ಇದೇ ಕೈ." ಕಾವೇರಿ ಅವ್ವನ ಪಕ್ಕಕ್ಕೆ ಬಂದು ನಿಂತಳು.

ಎಲ್ಲರೂ ಉಂಡು ಎದ್ದ ಮೇಲೆ ದುರುಗಮ್ಮ ನನಗೆ ಒಬ್ಬನಿಗೇ ಪಡಸಾಲೆಯಲ್ಲಿ ಬಡಿಸಿದಳು. ನಾನು ಅನ್ನ ಕಲಸುತ್ತಲೇ ಕೂತಿದ್ದೆ. ಮಾಡಿದ್ದು ಸರಿಯೋ ತಪ್ಪೋ ಎಂಬ ಕುದಿ. ಹೊರಗೆ ಕಂಪ್ಲಿ ಬಸ್ಸು ಹಾರನ್ ಹೊಡೆದು ನಿಂತಿತು. ಕಾವೇರಿ ಒಳಗಿನಿಂದ ಅವ್ವನನ್ನೇ ನೋಡುತ್ತಿದ್ದಳು. ದುರುಗಮ್ಮ ಏಳಲಿಲ್ಲ. ತುಪ್ಪದ ಗಿಂಡಿ ಹಿಡಿದು ನನ್ನ ಎದುರಿಗೇ ಕೂತಿದ್ದಳು.

"ತಮ್ಮ, ಒಂದು ಮಾತು ಹೇಳ್ತೀನಿ, ಬ್ಯಾಸರ ಮಾಡ್ಕೋಬ್ಯಾಡ" ಎಂದಳು. "ಇಷ್ಟು ವರ್ಷ ನೀ ಬಂದಾಗೊಮ್ಮೆ ನಾ ನಿನ್ನ ಮಾರಿ ನೋಡ್ತಿದ್ದಿಲ್ಲ. ನಿನ್ನ ಹಿಂದ ನೋಡ್ತಿದ್ದೆ. ಇಬ್ಬರೂ ಕೂಡಿ ಹೋದೋರು, ಇವನ ಬೆನ್ನಿಗೆ ಅವನೂ ಬಂದಾನೇನೋ ಅಂತ. ಇವತ್ತ ನೋಡು, ನಿನ್ನ ಮಾರಿ ಕಂಡೆ. ಭಾಳ ಮುದುಕ ಆಗೀಯಪ್ಪ."

ಇನ್ನೊಂದು ಹೋಳಿಗೆ ತರುತ್ತೇನೆಂದು ಆಕೆ ಎದ್ದು ಒಳಗೆ ಹೋದಳು. ನಾನು ತುತ್ತು ಕೈಯಲ್ಲೇ ಹಿಡಿದು, ಹೊರಳಿ ನನ್ನ ಹಿಂದಿನ ಬಾಗಿಲ ಕಡೆ ನೋಡಿದೆ.